ಶಿರಸಿಯ ಊರಂಚಿನ ಮೂರು ಸರ್ಕಾರಿ ಶಾಲೆಗಳು: ಹೋಲಿಸಿ ನೋಡುವುದು ಹೇಗೆ?

ಪ್ರಶ್ನೆ: ಬನವಾಸಿ ರಸ್ತೆಯ ಹೊಸ ನಿವಾಸಿ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ಬೆಂಗಳೂರಿನಲ್ಲಿದ್ದು ಈ ಬೇಸಿಗೆಗೆ ನಾವು ಶಿರಸಿಗೆ ಮರಳುವವರಿದ್ದೇವೆ. ಬನವಾಸಿ ರಸ್ತೆಯಲ್ಲಿ ಪೇಟೆ ಮುಗಿದು ಗದ್ದೆ ಕಾಣಿಸತೊಡಗುವಲ್ಲಿ ಮನೆ ಕಟ್ಟಿದ್ದೇವೆ. ನಾನು ಊರು ಬಿಡುವಾಗ ಬರೀ ಬೇಣವಾಗಿದ್ದ ಆ ಜಾಗದಲ್ಲಿ ಈಗ ಸೈಟುಗಳಾಗಿ ಮೂವತ್ತು ನಲವತ್ತು ಮನೆಗಳು ಎದ್ದಿವೆ. ಬೆಳಿಗ್ಗೆ ಎಂಟೂವರೆಗೆ ಅಲ್ಲಿ ನಿಂತು ನೋಡಿದರೆ ಖಾಸಗಿ ಶಾಲೆಗಳ ಹಳದಿ ವ್ಯಾನುಗಳು ಒಂದರ ಹಿಂದೊಂದರಂತೆ ಬಂದು ಮಕ್ಕಳನ್ನು ತುಂಬಿಸಿಕೊಂಡು ಹೋಗುತ್ತವೆ. ನಮ್ಮ ಮಕ್ಕಳನ್ನು ಆ ವ್ಯಾನಿಗೆ ಹತ್ತಿಸಬಾರದೆಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ. ನಾವಿಬ್ಬರೂ ಇದೇ ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿದವರು ಎಂಬುದು ಒಂದು ಕಾರಣ. ಬೆಂಗಳೂರಿನಲ್ಲಿ ಮಗಳು ಹೋಗುವ ಶಾಲೆ ವರ್ಷವರ್ಷವೂ ಬೇರೆ ಬೇರೆ ಹೆಸರಿನಲ್ಲಿ ಶುಲ್ಕ ಏರಿಸಿ, ಕೇಳಿದರೆ ಉತ್ತರವನ್ನೇ ಕೊಡದಿರುವುದು ಇನ್ನೊಂದು.

ಮಗನಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರುತ್ತದೆ, ಆದ್ದರಿಂದ ಒಂದನೆಯ ತರಗತಿಗೆ ಸೇರಿಸಬೇಕು. ಮಗಳು ಎಂಟನೆಯ ತರಗತಿಗೆ ಬರುತ್ತಾಳೆ. ಮಗನ ಮಟ್ಟಿಗೆ ನನ್ನ ಮುಂದೆ ಮೂರು ಸರ್ಕಾರಿ ಶಾಲೆಗಳಿವೆ. ಹೆಸರು ಹೇಳುವುದು ಬೇಡವೆಂದುಕೊಂಡು ಸ್ವರೂಪವನ್ನಷ್ಟೇ ತಿಳಿಸುತ್ತೇನೆ. ಮೊದಲನೆಯದು ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದರವರೆಗೆ 19 ಮಕ್ಕಳು, ಇಬ್ಬರು ಶಿಕ್ಷಕರು. ಎರಡನೆಯದು ನಗರಸಭೆಯ ಗಡಿಯೊಳಗಿನ ಹಿರಿಯ ಪ್ರಾಥಮಿಕ ಶಾಲೆ. ಅಲ್ಲಿ ಎಂಟನೆಯ ತರಗತಿಯವರೆಗೆ ಸುಮಾರು 210 ಮಕ್ಕಳಿದ್ದಾರೆ, ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ, ಕಟ್ಟಡ ಹೊಸದು. ಮೂರನೆಯದು ಹಳ್ಳಿಯ ಕಡೆಗೆ ಆರು ಕಿಲೋಮೀಟರ್ ದೂರದ ಶಾಲೆ. ಏಳನೆಯ ತರಗತಿಯವರೆಗೆ 84 ಮಕ್ಕಳಿದ್ದಾರೆ, ದೊಡ್ಡ ಅಂಗಳವಿದೆ, ಒಳ್ಳೆಯ ಹೆಸರಿದೆ, ಪ್ರತಿಭಾ ಕಾರಂಜಿಯಲ್ಲಿ ಸದಾ ಬಹುಮಾನ ತರುವ ಶಾಲೆಯೆಂದು ನಮ್ಮ ಮಾವನವರು ಹೇಳುತ್ತಾರೆ.

ಇವುಗಳನ್ನು ಯಾವ ಅಳತೆಯಿಂದ ಹೋಲಿಸಬೇಕು ಎಂಬುದು ನನ್ನ ಪ್ರಶ್ನೆ. ಕಟ್ಟಡ, ಶೌಚಾಲಯ, ಕಂಪ್ಯೂಟರು ಇವನ್ನು ಕಣ್ಣಿನಿಂದ ನೋಡಬಹುದು. ಪಾಠ ಹೇಗಿದೆ ಎಂಬುದನ್ನು ಹೊರಗಿನವನೊಬ್ಬ ತಿಳಿಯುವುದು ಹೇಗೆ? ಮಗಳ ಪ್ರೌಢಶಾಲೆಯ ಬಗ್ಗೆಯೂ ಬಲ್ಲವರು ಹೇಳಿದರೆ ಉಪಕಾರವಾಗುತ್ತದೆ. ಮಾರಿಕಾಂಬಾ ಜಾತ್ರೆಗೆ ಬರುವವರಿದ್ದೇವೆ, ಆಗ ಮೂರೂ ಶಾಲೆಗಳನ್ನು ನೋಡಿ ಹೋಗಬೇಕೆಂದಿದ್ದೇನೆ.

ಉತ್ತರ 1: ನಿವೃತ್ತ ಮುಖ್ಯಾಧ್ಯಾಪಕ, ಶಿರಸಿ

ಮಾನ್ಯರೇ, ಶಿರಸಿ ಮತ್ತು ಸಿದ್ದಾಪುರ ತಾಲೂಕುಗಳ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತಮೂರು ವರ್ಷ ಕೆಲಸ ಮಾಡಿದವನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಮೊದಲ ಮಾತೆಂದರೆ, ಜಾತ್ರೆಯ ವಾರದಲ್ಲಿ ಶಿರಸಿಯ ಯಾವ ಶಾಲೆಯನ್ನೂ ನೋಡಲು ಹೋಗಬೇಡಿ. ಎರಡು ವರ್ಷಕ್ಕೊಮ್ಮೆ ಬರುವ ಆ ಒಂಬತ್ತು ದಿನಗಳಲ್ಲಿ ಮಕ್ಕಳ ಮನಸ್ಸು ತೊಟ್ಟಿಲು, ಸರ್ಕಸ್ಸುಗಳ ಮೇಲಿರುತ್ತದೆ, ಮಾಸ್ತರ ಮನೆಯಲ್ಲಿ ನೆಂಟರು ತುಂಬಿರುತ್ತಾರೆ. ಜಾತ್ರೆಗಿಂತ ಎರಡು ವಾರ ಮೊದಲು, ಒಂದು ಮಂಗಳವಾರವೋ ಬುಧವಾರವೋ, ಹನ್ನೊಂದು ಗಂಟೆಯ ಹೊತ್ತಿಗೆ ಹೋಗಿ. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಆ ದಿನ ಏನೂ ತಿಳಿಯುವುದಿಲ್ಲ.

ಶಾಲೆಯನ್ನು ಅಳೆಯುವುದಕ್ಕೆ ನಾನು ನಂಬುವ ಅಳತೆ ಒಂದೇ: ನಿಮ್ಮ ಮಗು ಕೂರುವ ಕೋಣೆಯಲ್ಲಿ ವರ್ಷದ ಎಷ್ಟು ದಿನ, ಯಾರು ನಿಂತು ಪಾಠ ಮಾಡುತ್ತಾರೆ? ಉಳಿದದ್ದೆಲ್ಲ ಇದರ ನಂತರದ ಮಾತು. ಇದನ್ನು ತಿಳಿಯಬೇಕಾದರೆ ಶಿಕ್ಷಕರ ಸಂಖ್ಯೆಯನ್ನು ಸ್ವಲ್ಪ ಬಿಡಿಸಿ ಓದಬೇಕಾಗುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 200ರವರೆಗೆ ಐವರು ಶಿಕ್ಷಕರಿರಬೇಕು. ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬರಂತೆ ಇರಬೇಕು, ಜೊತೆಗೆ ವಿಜ್ಞಾನ-ಗಣಿತ, ಸಮಾಜ ಮತ್ತು ಭಾಷೆಗೆ ಕನಿಷ್ಠ ಒಬ್ಬೊಬ್ಬರಿರಬೇಕು. ಈ ಲೆಕ್ಕದಲ್ಲಿ ನಿಮ್ಮ ಮೊದಲ ಶಾಲೆಯಲ್ಲಿ ಯಾವ ಕೊರತೆಯೂ ಇಲ್ಲ, 19 ಮಕ್ಕಳಿಗೆ ಇಬ್ಬರಿರುವುದು ಕಾಗದದ ಮೇಲೆ ಐಶ್ವರ್ಯವೇ. ಆದರೆ ಅವರಿಬ್ಬರಲ್ಲಿ ಒಬ್ಬರು ಮುಖ್ಯಶಿಕ್ಷಕರ ಪ್ರಭಾರದಲ್ಲಿರುತ್ತಾರೆ. ಬಿಸಿಯೂಟದ ಅಕ್ಕಿ-ಬೇಳೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಸ್ಯಾಟ್ಸ್ ಎಂಬ ವಿದ್ಯಾರ್ಥಿ ದಾಖಲೆಯ ತಂತ್ರಾಂಶದಲ್ಲಿ ಹಾಜರಿ ತುಂಬುವುದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಭೆ, ತರಬೇತಿ, ಮತದಾರರ ಪಟ್ಟಿ, ಇವೆಲ್ಲ ಅವರ ತಲೆಯ ಮೇಲಿರುತ್ತವೆ. ಒಬ್ಬರು ಸಭೆಗೆ ಹೋದ ದಿನ ಇನ್ನೊಬ್ಬರು ಐದೂ ತರಗತಿಗಳನ್ನು ಹಿಡಿದು ಕೂರಬೇಕು. 2025ರ ಅಕ್ಟೋಬರಿನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆ ತಿರುಗಬೇಕಾದಾಗ 8ರಿಂದ 18ರವರೆಗೆ ಶಾಲೆಗಳಿಗೇ ರಜೆ ಕೊಟ್ಟದ್ದು ನಿಮಗೆ ನೆನಪಿರಬಹುದು. ಅಂಥದ್ದು ದೊಡ್ಡದು, ಎಲ್ಲರ ಕಣ್ಣಿಗೆ ಬೀಳುತ್ತದೆ. ಸಣ್ಣ ಶಾಲೆಯನ್ನು ತಿನ್ನುವುದು ವಾರಕ್ಕೊಂದು ಅರ್ಧ ದಿನದ ಕೆಲಸಗಳು, ಅವು ಯಾರ ಗಮನಕ್ಕೂ ಬರುವುದಿಲ್ಲ.

ಎರಡನೆಯ ಶಾಲೆಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಮಂಜೂರಾದ ಹುದ್ದೆ ಎಷ್ಟು, ಅದರಲ್ಲಿ ಕಾಯಂ ಶಿಕ್ಷಕರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು, ನಿಯೋಜನೆಯ ಮೇಲೆ ಬೇರೆ ಕಡೆ ಹೋದವರು ಯಾರಾದರೂ ಇದ್ದಾರೆಯೇ ಎಂಬ ನಾಲ್ಕನ್ನೂ ಬೇರೆ ಬೇರೆಯಾಗಿ ಕೇಳಿ. ನಿಯೋಜನೆಯ ಮೇಲೆ ಹೋದ ಶಿಕ್ಷಕರ ಹೆಸರು ಈ ಶಾಲೆಯಲ್ಲಿರುತ್ತದೆ, ಪಾಠ ಇನ್ನೊಂದು ಶಾಲೆಯಲ್ಲಿ ನಡೆಯುತ್ತದೆ. ಅತಿಥಿ ಶಿಕ್ಷಕರಲ್ಲಿ ನಾನು ಕಂಡ ಅತ್ಯುತ್ತಮ ಶಿಕ್ಷಕಿಯರು ಇದ್ದಾರೆ, ಅವರನ್ನು ಕೀಳಾಗಿ ಕಾಣುವ ಮಾತಲ್ಲ. ಆದರೆ ಅವರ ನೇಮಕ ಶಾಲೆ ತೆರೆದ ಮೇಲೆ ನಡೆಯುತ್ತದೆ, ಮುಂದಿನ ವರ್ಷ ಅವರೇ ಬರುತ್ತಾರೆಂಬ ಖಾತ್ರಿ ಅವರಿಗೂ ಇರುವುದಿಲ್ಲ, ನಿಮಗೂ ಇರುವುದಿಲ್ಲ.

ಊರಂಚಿನ ಶಾಲೆಗಳಿಗೆ ಸಂಬಂಧಿಸಿದ ಒಂದು ಗುಟ್ಟನ್ನು ಇಲ್ಲಿ ಹೇಳಬೇಕು. ವರ್ಗಾವಣೆಯ ನಿಯಮದಲ್ಲಿ ಶಾಲೆಗಳನ್ನು ಪೇಟೆಗಿರುವ ದೂರಕ್ಕೆ ತಕ್ಕಂತೆ ಎ, ಬಿ, ಸಿ ಎಂಬ ವಲಯಗಳಾಗಿ ವಿಂಗಡಿಸಿದ್ದಾರೆ. ಶಿಕ್ಷಕರು ಸಹಜವಾಗಿಯೇ ಪೇಟೆಯ ಹತ್ತಿರಕ್ಕೆ ಬರಲು ಬಯಸುತ್ತಾರೆ, ಸೇವೆ ಹೆಚ್ಚಾದವರಿಗೆ ಆ ಅವಕಾಶ ಸಿಗುತ್ತದೆ. ಹೀಗಾಗಿ ಚಿಪಗಿ, ನಿಲೇಕಣಿ, ಮರಾಠಿಕೊಪ್ಪದಂತೆ ಪೇಟೆ ಹಬ್ಬಿದ ಕಡೆಗಳಲ್ಲಿ ಅನುಭವಿ ಶಿಕ್ಷಕರು ಸಿಗುವ ಸಂಭವ ಹೆಚ್ಚು. ಅವರಲ್ಲಿ ಹಲವರು ನಿವೃತ್ತಿಗೆ ಹತ್ತಿರವಾಗಿರುತ್ತಾರೆ ಎಂಬುದೂ ಅಷ್ಟೇ ನಿಜ. ನಿಮ್ಮ ಮಗ ಮೂರನೆಯ ತರಗತಿಗೆ ಬರುವಷ್ಟರಲ್ಲಿ ಯಾರು ಇರುತ್ತಾರೆ, ಯಾರು ಇರುವುದಿಲ್ಲ ಎಂದು ಕೇಳಲು ಸಂಕೋಚಪಡಬೇಡಿ. ಇನ್ನು ದಾಖಲಾತಿ ಕುಸಿದರೆ ಅಲ್ಲಿನ ಶಿಕ್ಷಕರನ್ನು ಹೆಚ್ಚುವರಿಯೆಂದು ಗುರುತಿಸಿ ಬೇರೆ ಶಾಲೆಗೆ ಮರುಹೊಂದಾಣಿಕೆ ಮಾಡುತ್ತಾರೆ. ಆದ್ದರಿಂದ ಈ ವರ್ಷದ ಸಂಖ್ಯೆಯೊಂದೇ ಸಾಲದು, ಹಿಂದಿನ ನಾಲ್ಕೈದು ವರ್ಷಗಳ ದಾಖಲಾತಿ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಬೇಕು.

ಈ ಅಂಕಿಗಳಲ್ಲಿ ಹೆಚ್ಚಿನವು ಕೇಂದ್ರ ಸರ್ಕಾರದ ಯುಡೈಸ್ ಪ್ಲಸ್ ಜಾಲತಾಣದಲ್ಲಿ ಸಿಗುತ್ತವೆ. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಸಂಕೇತವಿದ್ದು, ಸಾಮಾನ್ಯವಾಗಿ ಶಾಲೆಯ ಗೋಡೆಯ ಮೇಲೆಯೇ ಅದನ್ನು ಬರೆದಿರುತ್ತಾರೆ. ಆದರೆ ಅಲ್ಲಿರುವುದು ವರ್ಷಕ್ಕೊಮ್ಮೆ ತುಂಬಿಸಿದ ಮಾಹಿತಿ. ಶೌಚಾಲಯ ಇದೆ ಎಂದು ಬರೆದಿರುತ್ತದೆ, ಅದರಲ್ಲಿ ನೀರು ಬರುತ್ತದೆಯೇ ಎಂಬುದನ್ನು ನೀವೇ ನಲ್ಲಿ ತಿರುಗಿಸಿ ನೋಡಬೇಕು.

ಕೊನೆಯದಾಗಿ, ಶಾಲೆಗೆ ಹೋದಾಗ ಇನ್ನೊಬ್ಬರ ಮಕ್ಕಳನ್ನು ನಿಲ್ಲಿಸಿ ಮಗ್ಗಿ ಕೇಳಬೇಡಿ. ಸಾಹೇಬರ ಹಾಗೆ ಪ್ರಶ್ನೆ ಕೇಳುವ ಅತಿಥಿಗಳನ್ನು ನಾನು ನನ್ನ ಸೇವೆಯುದ್ದಕ್ಕೂ ಸಹಿಸಿಕೊಂಡಿದ್ದೇನೆ. ಮಾಸ್ತರ ಅನುಮತಿ ಕೇಳಿ ನಾಲ್ಕನೆಯ ತರಗತಿಯ ಎರಡು ಮಕ್ಕಳ ಕನ್ನಡ ಮತ್ತು ಗಣಿತದ ಪಟ್ಟಿಗಳನ್ನು (ನೋಟ್ ಪುಸ್ತಕಗಳನ್ನು) ತಿರುವಿ ನೋಡಿ. ಎಷ್ಟು ಬರೆಸಿದ್ದಾರೆ ಎಂಬುದಕ್ಕಿಂತ, ತಪ್ಪಿನ ಪಕ್ಕದಲ್ಲಿ ಕೆಂಪು ಶಾಯಿ ಏನು ಮಾಡಿದೆ ಎಂಬುದನ್ನು ಗಮನಿಸಿ. ಬರೀ ಸರಿ ಗುರುತು ಹಾಕಿ ಸಹಿ ಮಾಡಿದ್ದರೆ ಒಂದು ಕಥೆ, ತಪ್ಪನ್ನು ತಿದ್ದಿ ಮಗು ಅದನ್ನು ಮತ್ತೆ ಬರೆದಿದ್ದರೆ ಇನ್ನೊಂದು ಕಥೆ.

ಉತ್ತರ 2: ಹಳ್ಳಿಶಾಲೆಯ ಪಾಲಕಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ

ಮಾಸ್ತರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ಒಂದೆರಡು ಮಾತು ಸೇರಿಸುತ್ತೇನೆ. ನನ್ನ ಇಬ್ಬರು ಮಕ್ಕಳೂ ನಿಮ್ಮ ಮೊದಲನೆಯ ಶಾಲೆಯಂಥದ್ದರಲ್ಲೇ ಓದಿದವರು. ಒಂದರಿಂದ ಮೂರನೆಯ ತರಗತಿಯವರೆಗೆ ನಮ್ಮ ಶಾಲೆಗಳಲ್ಲಿ ನಲಿ-ಕಲಿ ಪದ್ಧತಿಯಿದೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾಗಿ ಮುಂದೆ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೆ ಬಂದ ಈ ಪದ್ಧತಿಯಲ್ಲಿ ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಮಗು ತನ್ನ ವೇಗಕ್ಕೆ ತಕ್ಕಂತೆ ಕಾರ್ಡಿನಿಂದ ಕಾರ್ಡಿಗೆ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಏರುತ್ತದೆ. ತಟ್ಟೆ ಎಂದು ಕರೆಯುವ ಬೇರೆ ಬೇರೆ ಗುಂಪುಗಳಲ್ಲಿ ಕೂರುವ ಮಕ್ಕಳಲ್ಲಿ ಕೆಲವರಿಗೆ ಅಕ್ಕೋರು (ಶಿಕ್ಷಕಿ) ಕೂತು ಕಲಿಸುತ್ತಾರೆ, ಕೆಲವರಿಗೆ ದೊಡ್ಡ ಮಕ್ಕಳು ಹೇಳಿಕೊಡುತ್ತಾರೆ, ಕೆಲವರು ತಾವೇ ಕಲಿಯುತ್ತಾರೆ. ಬೆಂಗಳೂರಿನಿಂದ ಬಂದವರು ಮೊದಲ ಸಲ ನೋಡಿದಾಗ ‘ಇಲ್ಲಿ ಪಾಠವೇ ನಡೆಯುತ್ತಿಲ್ಲ, ಮಕ್ಕಳು ಗಲಾಟೆ ಮಾಡುತ್ತಿದ್ದಾರೆ’ ಎಂದುಕೊಳ್ಳುವುದುಂಟು. ಅರ್ಧ ಗಂಟೆ ಕೂತು ನೋಡಿ. ಹದಿನೆಂಟು ಇಪ್ಪತ್ತು ಮಕ್ಕಳಿದ್ದಾಗ ಇದು ಚೆನ್ನಾಗಿ ನಡೆಯುತ್ತದೆ, ನಲವತ್ತು ಮಕ್ಕಳಾದರೆ ಅಕ್ಕೋರಿಗೆ ಸಾಧ್ಯವಾಗುವುದಿಲ್ಲ.

ಸಣ್ಣ ಶಾಲೆಯ ನಿಜವಾದ ತೊಂದರೆ ನಾಲ್ಕನೆಯ ತರಗತಿಯಿಂದ ಶುರುವಾಗುತ್ತದೆ. ನನ್ನ ಮಗಳು ನಾಲ್ಕನೆಯಲ್ಲಿ ಇದ್ದಾಗ ಆ ತರಗತಿಗೆ ಅವಳೊಬ್ಬಳೇ ಇದ್ದಳು. ಪರೀಕ್ಷೆಯಲ್ಲಿ ಪ್ರತಿ ಸಲ ಮೊದಲ ಸ್ಥಾನ, ಆದರೆ ಕಬಡ್ಡಿಗೆ ಜೊತೆಯಿಲ್ಲ, ಜಗಳಕ್ಕೂ ಜೊತೆಯಿಲ್ಲ. ಆರನೆಯ ತರಗತಿಗೆ ದೊಡ್ಡ ಶಾಲೆಗೆ ಹೋದಾಗ ಮೊದಲ ಮೂರು ತಿಂಗಳು ಬಾಯೇ ಬಿಡಲಿಲ್ಲ. ನಿಮ್ಮ ಮಗನ ತರಗತಿಯಲ್ಲಿ ಎಷ್ಟು ಮಕ್ಕಳು ಎಂಬುದನ್ನು ಖಂಡಿತ ಕೇಳಿ, ಒಟ್ಟು 19ರಲ್ಲಿ ಒಂದನೆಯ ತರಗತಿಗೆ ಇಬ್ಬರೇ ಇದ್ದರೂ ಇರಬಹುದು. ಸಣ್ಣ ಶಾಲೆಗಳನ್ನು ಹತ್ತಿರದ ಕರ್ನಾಟಕ ಪಬ್ಲಿಕ್ ಶಾಲೆಗೆ ಸೇರಿಸುವ ಮಾತು ಆಗಾಗ ಕೇಳಿಬರುತ್ತಲೇ ಇರುತ್ತದೆ, ನಮ್ಮಂಥವರಿಗೆ ಪ್ರತಿ ಮೇ ತಿಂಗಳೂ ಮಕ್ಕಳನ್ನು ಎಣಿಸುವುದೇ ಕೆಲಸ.

ಮಳೆಗಾಲದ ವಿಚಾರ. ಆರು ಕಿಲೋಮೀಟರ್ ದೂರದ ಶಾಲೆಯ ದಾರಿಯನ್ನು ಫೆಬ್ರವರಿಯಲ್ಲಿ ನೋಡಿ ತೀರ್ಮಾನಿಸಬೇಡಿ. ನಡುವೆ ಹಳ್ಳವಿದೆಯೇ, ಕಾಲುಸಂಕವಿದೆಯೇ, ಬಸ್ಸು ಆಷಾಢದಲ್ಲೂ ಶಾಲೆಯವರೆಗೆ ಬರುತ್ತದೆಯೇ ಎಂದು ಅಲ್ಲಿಯ ಮನೆಗಳಲ್ಲಿ ವಿಚಾರಿಸಿ. ಜುಲೈಯಲ್ಲಿ ಮಳೆಯ ರಜೆ ಘೋಷಣೆಯಾದ ದಿನಗಳನ್ನು ಮುಂದೆ ಶನಿವಾರ ಮಧ್ಯಾಹ್ನ ತರಗತಿ ನಡೆಸಿ ತುಂಬಿಸಿಕೊಳ್ಳುವುದುಂಟು. ಆ ದಿನ ಬಿಸಿಯೂಟವೂ ಇರುತ್ತದೆ, ಮನೆಗೆ ಮರಳುವ ಬಸ್ಸು ಇರುತ್ತದೆಯೇ ನೋಡಿಕೊಳ್ಳಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಡುಗೆಯವರು ಅದೇ ಊರಿನವರಾಗಿದ್ದು ಪಾಲಕರು ಕಾಯಿ, ತರಕಾರಿ, ಮಜ್ಜಿಗೆ ತಂದುಕೊಡುವ ಶಾಲೆಯ ಊಟ ಮನೆಯ ಊಟದ ಹಾಗೆಯೇ ಇರುತ್ತದೆ. ಪಾಲಕರು ತಿಂಗಳುಗಟ್ಟಲೆ ಶಾಲೆಯ ಮೆಟ್ಟಿಲು ಹತ್ತದ ಕಡೆ ಊಟ ಮಾತ್ರವಲ್ಲ, ಬೇರೆಯದೂ ಸಪ್ಪೆಯಾಗಿರುತ್ತದೆ. ಎಸ್‌ಡಿಎಂಸಿ ಸಭೆಯ ನಡಾವಳಿ ಪುಸ್ತಕವನ್ನು ಕೇಳಿ ನೋಡಿ. ಹಿಂದಿನ ಸಭೆ ಯಾವಾಗ ನಡೆಯಿತು, ಏನು ಮಾತಾಡಿದರು ಎಂಬುದನ್ನು ಅದರಲ್ಲೇ ಓದಬಹುದು. ನಮ್ಮಲ್ಲಿ ಎರಡು ವರ್ಷ ಹುದ್ದೆ ಖಾಲಿಯಿದ್ದಾಗ ಪಾಲಕರೇ ವಂತಿಗೆ ಹಾಕಿ ಒಬ್ಬ ಗೌರವ ಶಿಕ್ಷಕಿಯನ್ನು ಇಟ್ಟುಕೊಂಡಿದ್ದೆವು, ಅದೂ ನಡಾವಳಿಯಲ್ಲಿದೆ.

ಉತ್ತರ 3: ಹುಬ್ಬಳ್ಳಿ ರಸ್ತೆಯ ಪಾಲಕ

ಇಂಗ್ಲಿಷ್ ವಿಭಾಗದ ಬಗ್ಗೆ ಯಾರೂ ನೇರವಾಗಿ ಹೇಳುತ್ತಿಲ್ಲವಾದ್ದರಿಂದ ನಾನು ಹೇಳುತ್ತೇನೆ. 2019-20ರಲ್ಲಿ ಸರ್ಕಾರವು ರಾಜ್ಯದ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ನಮ್ಮ ಬಡಾವಣೆಯ ಎಷ್ಟೋ ಮಂದಿ ವ್ಯಾನು ಬಿಡಿಸಿ ಮಕ್ಕಳನ್ನು ಸರ್ಕಾರಿ ಶಾಲೆಗೆ ತಂದರು. ಅದಿಲ್ಲದಿದ್ದರೆ ಆ ಶಾಲೆ ಇಷ್ಟು ಹೊತ್ತಿಗೆ ಬಾಗಿಲು ಹಾಕುವ ಸ್ಥಿತಿಗೆ ಬರುತ್ತಿತ್ತು. ಯಾವ ಮಾಧ್ಯಮದಲ್ಲಿ ಓದಿಸಬೇಕೆಂಬುದು ಪಾಲಕರ ಆಯ್ಕೆಯೆಂದು ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ. ಹಣವಿದ್ದವರಿಗೆ ಆ ಆಯ್ಕೆ ಮೊದಲಿಂದಲೂ ಇತ್ತು, ನಮ್ಮಂಥವರಿಗೆ ಈಗ ಸಿಕ್ಕಿದೆ. ನನ್ನ ಮಗಳು ಅಲ್ಲಿ ನಾಲ್ಕನೆಯ ತರಗತಿಯಲ್ಲಿದ್ದಾಳೆ, ಚೆನ್ನಾಗಿ ಓದುತ್ತಿದ್ದಾಳೆ. ಬೆಂಗಳೂರಿನಲ್ಲಿ ಇಂಗ್ಲಿಷ್ ಕಲಿತು ಬಂದವರು ನಮಗೆ ಕನ್ನಡ ಶಾಲೆಯ ಮಹಿಮೆ ಹೇಳುವಾಗ ಸ್ವಲ್ಪ ಯೋಚಿಸಬೇಕು ಎಂಬುದು ನನ್ನ ವಿನಂತಿ. ತಮ್ಮನ್ನು ಉದ್ದೇಶಿಸಿ ಹೇಳಿದ್ದಲ್ಲ, ಬೇಸರ ಬೇಡ.

ಇನ್ನೊಂದು ವಿಷಯ. ವೃತ್ತಿಪರ ಕೋರ್ಸುಗಳ ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಿದೆ. ಗ್ರಾಮೀಣ ಎನ್ನಬೇಕಾದರೆ ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ನಿಮ್ಮ ಎರಡನೆಯ ಶಾಲೆ ನಗರಸಭೆಯ ಗಡಿಯೊಳಗಿದೆ, ಆದ್ದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಊರಂಚಿನಲ್ಲಿ ರಸ್ತೆಯ ಈಚೆಗೆ ನಗರ, ಆಚೆಗೆ ಗ್ರಾಮ ಪಂಚಾಯತಿ ಎಂಬ ಸ್ಥಿತಿಯಿರುವುದರಿಂದ ಇದನ್ನು ತಿಳಿದುಕೊಂಡಿರುವುದು ಒಳ್ಳೆಯದು.

ಉತ್ತರ 4: ನಿವೃತ್ತ ಮುಖ್ಯಾಧ್ಯಾಪಕ, ಶಿರಸಿ

ಹುಬ್ಬಳ್ಳಿ ರಸ್ತೆಯವರ ಮಾತಿನಲ್ಲಿ ನ್ಯಾಯವಿದೆ. ಇಂಗ್ಲಿಷ್ ವಿಭಾಗದಿಂದ ಮುಚ್ಚದೆ ಉಳಿದ ಶಾಲೆಗಳನ್ನು ನಾನೂ ಕಂಡಿದ್ದೇನೆ. ನನ್ನ ಆಕ್ಷೇಪ ಮಾಧ್ಯಮದ ಬಗ್ಗೆ ಅಲ್ಲ, ಮತ್ತೆ ಅದೇ ಹಳೆಯ ಲೆಕ್ಕದ ಬಗ್ಗೆ. ವಿಭಾಗ ಎರಡಾದಾಗ ಕೋಣೆಯೂ ಎರಡಾಗುತ್ತದೆ, ಶಿಕ್ಷಕರು ಮಾತ್ರ ಎರಡರಷ್ಟಾಗುವುದಿಲ್ಲ. ಬಹುಪಾಲು ಶಾಲೆಗಳಲ್ಲಿ ಕನ್ನಡ ಮಾಧ್ಯಮಕ್ಕಾಗಿ ನೇಮಕಗೊಂಡವರೇ ಅಲ್ಪಾವಧಿಯ ತರಬೇತಿ ಪಡೆದು ಇಂಗ್ಲಿಷ್ ವಿಭಾಗವನ್ನೂ ನಡೆಸುತ್ತಿದ್ದಾರೆ. ಕೆಲವರು ಬಹಳ ಚೆನ್ನಾಗಿ ನಡೆಸುತ್ತಾರೆ, ಕೆಲವರು ಇಂಗ್ಲಿಷ್ ಪುಸ್ತಕವನ್ನು ಓದಿಸಿ ಕನ್ನಡದಲ್ಲಿ ಹೇಳಿ ಮುಗಿಸುತ್ತಾರೆ. ತಮ್ಮ ಮಗಳಿಗೆ ಒಳ್ಳೆಯ ಅಕ್ಕೋರು ಸಿಕ್ಕಿದ್ದಾರೆಂದು ತಿಳಿದು ಸಂತೋಷವಾಯಿತು. ಪ್ರಶ್ನೆ ಕೇಳಿದವರು ಆ ವಿಭಾಗದ ಒಂದನೆಯ ತರಗತಿಯನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದಷ್ಟು ಕೇಳಲಿ.

ಸಿಇಟಿಯ ವಿಚಾರ ಸರಿಯೇ. ಆದರೆ ಆರು ವರ್ಷದ ಮಗುವಿಗೆ ಹನ್ನೆರಡು ವರ್ಷ ಮುಂದಿನ ಸೀಟನ್ನು ನೋಡಿ ಶಾಲೆ ಹುಡುಕುವುದು ನನಗೇನೋ ಸಸಿ ನೆಡುವ ಮೊದಲೇ ಅಡಿಕೆಯ ಧಾರಣೆ ಕೇಳಿದ ಹಾಗೆ ಕಾಣುತ್ತದೆ.

ಉತ್ತರ 5: ಪ್ರೌಢಶಾಲಾ ಶಿಕ್ಷಕಿ, ಶಿರಸಿ ಶೈಕ್ಷಣಿಕ ಜಿಲ್ಲೆ

ಮಗಳ ಬಗ್ಗೆ ಬರೆಯುತ್ತೇನೆ. ಮೊದಲು ಫಲಿತಾಂಶದ ಫಲಕಗಳನ್ನು ಓದುವ ಬಗೆ. ಉತ್ತರ ಕನ್ನಡದಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿರುವುದರಿಂದ ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಕರಾವಳಿಯ ಐದು ತಾಲೂಕುಗಳು ಕಾರವಾರದ ಲೆಕ್ಕಕ್ಕೂ, ಘಟ್ಟದ ಮೇಲಿನ ತಾಲೂಕುಗಳು ಶಿರಸಿಯ ಲೆಕ್ಕಕ್ಕೂ ಬರುತ್ತವೆ. ‘ಜಿಲ್ಲೆಗೆ ಪ್ರಥಮ’ ಎಂಬ ಬ್ಯಾನರು ಕಂಡರೆ ಯಾವ ಜಿಲ್ಲೆಗೆ ಎಂದು ಕೇಳಬೇಕು. ಎರಡನೆಯದಾಗಿ, 2024ರ ಶೇಕಡಾವಾರು ಅಂಕಿಯನ್ನು ಬೇರೆ ವರ್ಷಗಳ ಜೊತೆ ಹೋಲಿಸಲೇಬಾರದು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ತಂದದ್ದರಿಂದ ಫಲಿತಾಂಶ ಕುಸಿಯಿತು. ಕೃಪಾಂಕಕ್ಕೆ ಬೇಕಾದ ಕನಿಷ್ಠ ಅಂಕವನ್ನು ಶೇಕಡಾ 35ರಿಂದ 25ಕ್ಕೆ ಇಳಿಸಿ, ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ ರಾಜ್ಯದ ಫಲಿತಾಂಶ ಶೇಕಡಾ 73.40ಕ್ಕೆ ಬಂತು. ಮರುವರ್ಷ ಆ ಕೃಪಾಂಕವಿರಲಿಲ್ಲ. ಮೂರನೆಯದಾಗಿ ಸಂಖ್ಯೆಯ ಸಂಗತಿ: ಹದಿನೆಂಟು ಮಕ್ಕಳು ಬರೆದ ಶಾಲೆಯಲ್ಲಿ ಒಬ್ಬ ಹುಡುಗ ಗಣಿತದಲ್ಲಿ ನಪಾಸಾದರೆ ಫಲಿತಾಂಶ 94ಕ್ಕೆ ಇಳಿಯುತ್ತದೆ, ಇನ್ನೂರು ಮಕ್ಕಳ ಶಾಲೆಯಲ್ಲಿ ಹನ್ನೆರಡು ಮಂದಿ ನಪಾಸಾದರೂ ಅದೇ 94. ಯಾವುದು ಒಳ್ಳೆಯ ಶಾಲೆಯೆಂದು ಈ ಅಂಕಿಯಿಂದ ನೀವು ಹೇಗೆ ಹೇಳುತ್ತೀರಿ? ಒಂಬತ್ತನೆಯ ತರಗತಿಯಲ್ಲಿದ್ದ ಎಲ್ಲ ಮಕ್ಕಳೂ ಹತ್ತರ ಪರೀಕ್ಷೆಗೆ ಕೂತರೇ ಎಂದು ಕೇಳಿದರೆ ಇದಕ್ಕಿಂತ ಹೆಚ್ಚು ತಿಳಿಯುತ್ತದೆ.

ಪ್ರೌಢಶಾಲೆಯಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ, ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರು, ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕರು ಮತ್ತು ಇಂಗ್ಲಿಷ್ ಶಿಕ್ಷಕರು ಕಾಯಂ ಇದ್ದಾರೆಯೇ ಎಂಬುದು. ಈ ಮೂರರಲ್ಲಿ ಒಂದು ಖಾಲಿಯಿದ್ದರೆ ಎಂಟನೆಯ ತರಗತಿಗೇ ಅದರ ಪೆಟ್ಟು ಬೀಳುತ್ತದೆ, ಏಕೆಂದರೆ ಇರುವವರನ್ನು ಹತ್ತನೆಯ ತರಗತಿಗೆ ಮೀಸಲಿಡುತ್ತಾರೆ. ನಮ್ಮ ಭಾಗದ ಹಳೆಯ ಅನುದಾನಿತ ಪ್ರೌಢಶಾಲೆಗಳನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಸಂಬಳ ಸರ್ಕಾರದ್ದು, ಆಡಳಿತ ಊರಿನವರದ್ದು, ಅಂಥ ಶಾಲೆಗಳಲ್ಲಿ ಓದಿಯೇ ಈ ಜಿಲ್ಲೆಯ ಎರಡು ತಲೆಮಾರು ಮುಂದೆ ಬಂದಿದೆ. ಆದರೆ ನಿವೃತ್ತರಾದವರ ಜಾಗಗಳು ಅಲ್ಲಿ ವರ್ಷಗಟ್ಟಲೆ ತುಂಬದೆ ಉಳಿದಿವೆ, ಆದ್ದರಿಂದ ಹಳೆಯ ಹೆಸರನ್ನು ನಂಬದೆ ಈಗಿನ ಸಿಬ್ಬಂದಿಯನ್ನು ನೋಡಿ.

ನಿಮ್ಮ ಮಗಳು ಇಷ್ಟು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರೆ ಎಂಟನೆಯ ತರಗತಿಯಲ್ಲಿ ಮಾಧ್ಯಮ ಬದಲಿಸಬೇಡಿ. ಬೀಜಗಣಿತವನ್ನೂ ದ್ಯುತಿಸಂಶ್ಲೇಷಣೆಯನ್ನೂ ಒಟ್ಟಿಗೆ ಹೊಸ ಹೆಸರಿನಲ್ಲಿ ಕಲಿಯುವುದು ಕಷ್ಟ. ಪೇಟೆಯ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಸಿಗುತ್ತದೆ. ಭಾಷೆಯ ಆಯ್ಕೆಯನ್ನು ಮಾತ್ರ ಯೋಚಿಸಿ ಮಾಡಿ. ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ನೂರು ನೂರು. ಅಂಕದ ಆಸೆಗೆ ಪ್ರಥಮ ಭಾಷೆಯಾಗಿ ಸಂಸ್ಕೃತ ತೆಗೆದುಕೊಳ್ಳುವ ರೂಢಿ ನಮ್ಮಲ್ಲಿದೆ, ಆಗ ಕನ್ನಡದ ಜಾಗ ಎಲ್ಲಿ ಎಂದು ಸೇರಿಸುವ ಮೊದಲೇ ಕೇಳಿಕೊಳ್ಳಿ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದ ಒಳಗಿದ್ದರೆ ಎಂಟನೆಯಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯಬಹುದು, ಅದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ ಇರುವುದು. ಬಸ್ಸಿನ ಚಿಂತೆ ಬೇಡ, ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಟಿಕೆಟ್ಟಿಲ್ಲ. ಬಸ್ಸಿನಲ್ಲಿ ಜಾಗ ಸಿಗುವುದು ಬೇರೆ ಮಾತು.

ಪ್ರಶ್ನೆ ಕೇಳಿದವರು: ಬನವಾಸಿ ರಸ್ತೆಯ ಹೊಸ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಮಾಸ್ತರ ಮಾತಿನಂತೆ ಜಾತ್ರೆಗೆ ಮೊದಲೇ ಎರಡು ದಿನ ಬಂದು ಮೂರೂ ಶಾಲೆಗಳನ್ನು ನೋಡಿದೆ.

ಹತ್ತಿರದ ಸಣ್ಣ ಶಾಲೆಗೆ ಮೊದಲ ದಿನ ಹೋದಾಗ ಒಬ್ಬರು ಸಭೆಗೆ ಹೋಗಿದ್ದರು. ಇನ್ನೊಬ್ಬರು ನಲಿ-ಕಲಿಯ ಮಕ್ಕಳನ್ನು ತಟ್ಟೆಗಳಲ್ಲಿ ಕೂರಿಸಿ, ನಾಲ್ಕು-ಐದರವರಿಗೆ ಲೆಕ್ಕ ಕೊಟ್ಟು, ನಡುವೆ ಬಿಸಿಯೂಟದ ಅಕ್ಕಿ ತೂಗಿಸುತ್ತಿದ್ದರು. ಪಟ್ಟಿಗಳನ್ನು ನೋಡಿದೆ, ಹಿಂದಿನ ದಿನದವರೆಗೆ ತಿದ್ದಿದ್ದರು. ಸತ್ಯವಾಗಿಯೂ ತಲೆ ಬಾಗಿತು. ಆದರೆ ಮುಂದಿನ ವರ್ಷ ಒಂದನೆಯ ತರಗತಿಗೆ ನಮ್ಮ ಮಗನನ್ನು ಬಿಟ್ಟರೆ ಇನ್ನೊಂದೇ ಮಗುವಿದೆ. ಹಳ್ಳಿಯ ಶಾಲೆಯ ಅಂಗಳ, ತೋಟ, ವಾಚನಾಲಯ ಎಲ್ಲ ಮನಸ್ಸಿಗೆ ಹಿಡಿಸಿತು. ನಾಲ್ವರು ಶಿಕ್ಷಕರಲ್ಲಿ ಒಬ್ಬರು ನಿಯೋಜನೆಯ ಮೇಲೆ ಬೇರೆ ಕಡೆ ಇದ್ದಾರೆಂಬುದು ಕೇಳಿದ ಮೇಲಷ್ಟೇ ತಿಳಿಯಿತು. ಸಂಜೆ ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಒಂದು ಗಂಟೆ ಇಪ್ಪತ್ತು ನಿಮಿಷ ಕಾಯಬೇಕು.

ನಗರಸಭೆಯ ಗಡಿಯ ಶಾಲೆಯಲ್ಲಿ ಇಂಗ್ಲಿಷ್ ವಿಭಾಗದ ಒಂದನೆಯ ತರಗತಿಯಲ್ಲಿ 38 ಮಕ್ಕಳಿದ್ದಾರೆ, ಅದನ್ನು ನೋಡಿಕೊಳ್ಳುವವರು ಅತಿಥಿ ಶಿಕ್ಷಕಿ. ಚುರುಕಾಗಿದ್ದಾರೆ, ಆದರೆ ಮುಂದಿನ ವರ್ಷದ ಬಗ್ಗೆ ಅವರಿಗೇ ಗೊತ್ತಿಲ್ಲ. ಗೋಡೆಯ ಆಚೆಯ ಕನ್ನಡ ವಿಭಾಗದ ನಲಿ-ಕಲಿ ಕೋಣೆಯಲ್ಲಿ 22 ಮಕ್ಕಳು, ಕಾಯಂ ಅಕ್ಕೋರು, ಅವರ ನಿವೃತ್ತಿಗೆ ಇನ್ನೂ ಆರು ವರ್ಷವಿದೆ. ನಾನು ಅರ್ಧ ಗಂಟೆ ಕೂತೆ. ಒಂದು ಹುಡುಗಿ ತನ್ನ ಕಾರ್ಡು ಮುಗಿಸಿ ಯಾರೂ ಹೇಳದೆಯೇ ಎದ್ದು ಹೋಗಿ ಪಕ್ಕದ ತಟ್ಟೆಯ ಹುಡುಗನಿಗೆ ‘ಒತ್ತಕ್ಷರ ಹೀಗಲ್ಲ’ ಎಂದು ತೋರಿಸುತ್ತಿದ್ದಳು. ಅಕ್ಕೋರು ನೋಡಿಯೂ ನೋಡದವರಂತೆ ಇದ್ದರು. ಮಗನನ್ನು ಅದೇ ಕೋಣೆಗೆ ಸೇರಿಸುತ್ತಿದ್ದೇವೆ. ಹುಬ್ಬಳ್ಳಿ ರಸ್ತೆಯವರ ಮಗಳ ಅಕ್ಕೋರು ಅಲ್ಲಿದ್ದಿದ್ದರೆ ಬಹುಶಃ ನಾವು ಗೋಡೆಯ ಈಚೆಗೇ ನಿಲ್ಲುತ್ತಿದ್ದೆವು.

ಮಗಳಿಗೆ ಪೇಟೆಯ ಪ್ರೌಢಶಾಲೆಯ ಇಂಗ್ಲಿಷ್ ಮಾಧ್ಯಮದ ವಿಭಾಗವನ್ನು ನೋಡಿದ್ದೇವೆ. ಪಿಸಿಎಂ ಮತ್ತು ಇಂಗ್ಲಿಷ್ ಕಾಯಂ ಇದ್ದಾರೆ, ಸಿಬಿಝಡ್ ಅತಿಥಿ. ಪ್ರಥಮ ಭಾಷೆ ಕನ್ನಡವೇ ಇರಲಿ ಎಂದು ಅವಳೇ ಹೇಳಿದಳು. ಈಗ ಉಳಿದಿರುವ ಒಂದು ಪ್ರಶ್ನೆ: ಬೆಂಗಳೂರಿನ ಶಾಲೆಯಿಂದ ಟಿ.ಸಿ. ತರಲು ಏನೇನು ಬೇಕು?

ಉತ್ತರ 6: ಪ್ರೌಢಶಾಲಾ ಶಿಕ್ಷಕಿ, ಶಿರಸಿ ಶೈಕ್ಷಣಿಕ ಜಿಲ್ಲೆ

ವಾರ್ಷಿಕ ಫಲಿತಾಂಶ ಬಂದ ಕೂಡಲೇ ವರ್ಗಾವಣೆ ಪ್ರಮಾಣಪತ್ರಕ್ಕೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಬಾಕಿ ಶುಲ್ಕದ ನೆಪ ಹೇಳಿ ತಡ ಮಾಡಿದರೂ ಹೆದರುವುದು ಬೇಡ. ಎಂಟನೆಯ ತರಗತಿಯವರೆಗೆ ಟಿ.ಸಿ. ಇಲ್ಲವೆಂಬ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲವೆಂದು ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮಿನಲ್ಲಿದೆ. ಮಗಳ ಸ್ಯಾಟ್ಸ್ ಸಂಖ್ಯೆಯನ್ನು ಅಂಕಪಟ್ಟಿಯಿಂದ ಬರೆದಿಟ್ಟುಕೊಳ್ಳಿ. ಆಧಾರಿನಲ್ಲಿರುವ ಹೆಸರಿನ ಅಕ್ಷರಗಳೂ ಶಾಲೆಯ ದಾಖಲೆಯ ಅಕ್ಷರಗಳೂ ಒಂದೇ ಇವೆಯೇ ಎಂದು ಅಲ್ಲಿರುವಾಗಲೇ ನೋಡಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ತಿದ್ದಿಸಲು ಹೊರಟರೆ ಮಳೆಗಾಲ ಮುಗಿಯುತ್ತದೆ.